ಎಳೆಯೋ ಎತ್ತಿಗೆ ಲೆಕ್ಕ ಕೇಳಬೇಡಿ: ಫ್ಲೆಕ್ಸ್ ಮಷೀನಿನ ಕ್ಯಾರೇಜ್ ನೋಡಿಕೊಳ್ಳುವ ಬಗೆ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸೀಸನ್ ಶುರುವಾಯಿತೆಂದರೆ ಊರಿಗೆಲ್ಲ ಸೀನು, ನನ್ನ ಬ್ಯಾನರ್ ಪ್ರಿಂಟಿಂಗ್ ಮಷೀನಿಗೆ ಲೆಕ್ಕ ತಪ್ಪುವ ರೋಗ. ಚೀಲ ಹೇರಿದ ಲಾರಿಗಳು ನಮ್ಮ ಅಂಗಡಿಯ ಮುಂದಿನಿಂದಲೇ ಮಾರ್ಕೆಟ್ಟಿಗೆ ಹೋಗುತ್ತವೆ. ಬಾಗಿಲಿಗೆ ಎರಡು ಪದರು ಪ್ಲಾಸ್ಟಿಕ್ ಪರದೆ ಕಟ್ಟಿದ್ದೇನೆ, ಎಸಿ ಇದೆ, ಆದರೂ ಸಂಜೆ ಹೊತ್ತಿಗೆ ಮಷೀನಿನ ಮುಚ್ಚಳದ ಮೇಲೆ ಬೆರಳಾಡಿಸಿದರೆ ಬೆರಳು ಕೆಂಪು.

ಹೋದ ಸೀಸನ್ನಿನಲ್ಲಿ ಒಬ್ಬರು ಬಟ್ಟೆ ಬ್ಯಾನರ್ ಒಯ್ಯಲು ಬಂದವರು ಅದನ್ನು ಬಿಚ್ಚಿ ನೋಡಿ ಅಲ್ಲೇ ನಿಂತುಬಿಟ್ಟರು. "ಅಕ್ಕಾರ, ನಮ್ಮ ಸಾಹೇಬ್ರಿಗೆ ಎರಡೆರಡು ಮೀಸಿ ಬಂದಾವಲ್ರೀ, ಇದನ್ನ ಹೆಂಗ ಕಟ್ಟೂದು?" ನೋಡಿದೆ. ಹೌದು, ಮೀಸೆಯ ಪಕ್ಕದಲ್ಲೇ ತೆಳ್ಳಗೆ ಇನ್ನೊಂದು ಮೀಸೆ. ಹೆಸರಿನ ಅಕ್ಷರಗಳಿಗೂ ನೆರಳು. ನನ್ನ ಆಪರೇಟರ್ ಹುಡುಗ ಆಗಲೇ ಎಲನ್ ಕೀ ಹಿಡಿದು ಮಷೀನಿನ ಎಡತುದಿಗೆ ಹೋಗಿದ್ದ. "ಬೆಲ್ಟ್ ಸಡ್ಲ ಆಗೇತಿ ಅಕ್ಕಾ, ಎರಡ ಸುತ್ತು ಬಿಗಿ ಮಾಡಿದ್ರ ಮುಗೀತು." ಅವನ ಕೈಯಿಂದ ಕೀ ಕಸಿದುಕೊಂಡು ಒರೆಸುವ ಬಟ್ಟೆ ಕೊಟ್ಟೆ. ಹತ್ತು ನಿಮಿಷಕ್ಕೆ ಸಾಹೇಬರು ಒಂದೇ ಮೀಸೆಗೆ ಬಂದರು. ಬೆಲ್ಟಿಗೆ ಏನೂ ಆಗಿರಲಿಲ್ಲ.

ಅಂಗಡಿಯ ಮಷೀನ್ ಆರಡಿಯದು, ಇಕೋ ಸಾಲ್ವೆಂಟ್ ಶಾಯಿ, ಎಪ್ಸನ್ ಹೆಡ್. ಹೆಡ್ ಅಂದರೆ ಶಾಯಿಯ ಹನಿ ಬಿಡುವ ಭಾಗ, ಅದನ್ನು ಹೊತ್ತು ಎಡಕ್ಕೂ ಬಲಕ್ಕೂ ಓಡಾಡುವ ಗಾಡಿಯೇ ಕ್ಯಾರೇಜ್. ಮೂಲೆಯಲ್ಲಿ ಹತ್ತಡಿಯ ಹಳೆ ಸಾಲ್ವೆಂಟ್ ಮಷೀನೂ ಇದೆ. 2016ರ ಮಾರ್ಚ್‌ನಲ್ಲಿ ಸರ್ಕಾರ ಫ್ಲೆಕ್ಸ್ ನಿಷೇಧಿಸಿದ ಮೇಲೆ ಅದರ ಓಡಾಟ ಕಮ್ಮಿ. ಈಗ ವಿನೈಲ್, ಬಟ್ಟೆ, ಗಾಜಿಗೆ ಅಂಟಿಸುವ ತೂತು ತೂತಿನ ಒನ್ ವೇ ವಿಷನ್, ಇಷ್ಟೇ. ಊರವರ ಬಾಯಲ್ಲಿ ಮಾತ್ರ ಇನ್ನೂ ಫ್ಲೆಕ್ಸ್ ಅಂಗಡಿಯೇ. ಕೆಳಗೆ ಬರೆದಿರುವುದು ಆರಡಿಯ ಮಷೀನಿನ ಮೇಲೆ ನಾನು ಕಲಿತದ್ದು. ನಿಮ್ಮ ಮಷೀನಿನಲ್ಲಿ ಸ್ಕ್ರೂ ಬೇರೆ ಕಡೆ ಇರಬಹುದು, ಕೆಲಸದ ತತ್ವ ಒಂದೇ.

ಎತ್ತು ಯಾವುದು, ಲೆಕ್ಕದವ ಯಾರು

ನನಗೆ ಇದನ್ನು ಕಲಿಸಿದ್ದು ಹುಬ್ಬಳ್ಳಿಯಿಂದ ಬರುತ್ತಿದ್ದ ಮೆಕ್ಯಾನಿಕ್ ಕಾಕಾ. ಅವರು ಮುಚ್ಚಳ ತೆಗೆದು ಮೊದಲು ಹೇಳಿದ್ದೇ ಇದು: "ಬೆಲ್ಟ್ ಎಳೀತೈತಿ, ಪಟ್ಟಿ ಲೆಕ್ಕ ಇಡತೈತಿ. ಎಳಿಯೋ ಎತ್ತಿಗೆ ಲೆಕ್ಕ ಕೇಳಬ್ಯಾಡ ತಂಗೀ."

ಬಲತುದಿಯಲ್ಲಿ ಮೋಟರ್. ಅದರ ಶಾಫ್ಟಿಗೆ ಹಲ್ಲಿನ ಪುಲ್ಲಿ. ಅಲ್ಲಿಂದ ಎಡತುದಿಯಲ್ಲಿ ಸುಮ್ಮನೆ ತಿರುಗುವ ಐಡ್ಲರ್ ಪುಲ್ಲಿಯವರೆಗೆ ಹಲ್ಲಿನ ಬೆಲ್ಟ್ ಸುತ್ತಿ ಬರುತ್ತದೆ. ಬೆಲ್ಟಿನ ಎರಡು ತುದಿ ಕ್ಯಾರೇಜಿನ ಹಿಂದೆ ಒಂದು ಪ್ಲೇಟಿನಲ್ಲಿ ಕಚ್ಚಿಕೊಂಡಿವೆ. ಕ್ಯಾರೇಜ್ ಓಡಾಡುವುದು ಎಲ್‌ಎಂ ಗೈಡ್ ಎನ್ನುವ ಉಕ್ಕಿನ ರೈಲಿನ ಮೇಲೆ, ಒಳಗೆ ಗುಂಡು ತುಂಬಿದ ಬ್ಲಾಕುಗಳ ಮೇಲೆ ಕೂತು. ಇಷ್ಟೂ ಎತ್ತಿನ ಕಡೆಯವು.

ಲೆಕ್ಕದವನು ಬೇರೆ. ಮಷೀನಿನ ಉದ್ದಕ್ಕೂ, ಒಂದು ಬೆರಳಿನಷ್ಟೂ ಅಗಲವಿಲ್ಲದ ಪಾರದರ್ಶಕ ಫಿಲ್ಮ್ ಪಟ್ಟಿಯೊಂದು ಬಿಗಿಯಾಗಿ ಕಟ್ಟಿರುತ್ತದೆ. ಅದೇ ಎನ್‌ಕೋಡರ್ ಸ್ಟ್ರಿಪ್. ಕೆಲವರು ರಾಸ್ಟರ್ ಪಟ್ಟಿ ಅನ್ನುತ್ತಾರೆ. ಬರಿಗಣ್ಣಿಗೆ ಬೂದು ಬಣ್ಣ. ಭೂತಗನ್ನಡಿ ಹಿಡಿದರೆ ಕಪ್ಪು ಗೆರೆಗಳ ಸಾಲು. ನನ್ನದರಲ್ಲಿ ಇಂಚಿಗೆ 180 ಗೆರೆ, ಅಂದರೆ ಒಂದು ಗೆರೆಯಿಂದ ಇನ್ನೊಂದಕ್ಕೆ 0.14 ಮಿ.ಮೀ. ಕ್ಯಾರೇಜಿನ ಬೆನ್ನಿಗಿರುವ ಸೆನ್ಸರ್ ಆ ಪಟ್ಟಿಯನ್ನು ತನ್ನ ಸೀಳಿನೊಳಗೆ ಇಟ್ಟುಕೊಂಡು ಓಡುತ್ತ ಪ್ರತಿ ಗೆರೆಯನ್ನೂ ಎಣಿಸುತ್ತದೆ. ಒಂದೊಂದು ಗೆರೆಯಲ್ಲಿ ನಾಲ್ಕು ಏಣು ಓದುವುದರಿಂದ ಇಂಚಿಗೆ 720 ಎಣಿಕೆ ಸಿಗುತ್ತದೆ. ಹೆಡ್ಡಿಗೆ "ಈಗ ಹನಿ ಬಿಡು" ಅಂತ ಅಪ್ಪಣೆ ಬರುವುದು ಈ ಎಣಿಕೆಯಿಂದ. ಬೆಲ್ಟ್ ಎಲ್ಲಿದೆ ಅಂತ ಹೆಡ್ಡಿಗೆ ಗೊತ್ತೇ ಇಲ್ಲ.

ಆದ್ದರಿಂದ ಬೆಲ್ಟ್ ಚೂರು ಸಡಿಲಾದರೂ ಪಟ್ಟಿ ಸರಿಯಿದ್ದರೆ ಹನಿ ಬೀಳಬೇಕಾದ ಜಾಗದಲ್ಲೇ ಬೀಳುತ್ತದೆ. ಪಟ್ಟಿಯ ಮೇಲೆ ಧೂಳು ಕೂತು ಎರಡು ಎಣಿಕೆ ತಪ್ಪಿದರೆ, ಬೆಲ್ಟ್ ವೀಣೆಯ ತಂತಿಯ ಹಾಗಿದ್ದರೂ ಪ್ರಿಂಟ್ ಕೆಟ್ಟಿತು. ಪಟ್ಟಿ ಇಲ್ಲದೆ ಮೋಟರಿನ ಹಿಂಬದಿಯ ಎನ್‌ಕೋಡರಿನಿಂದಲೇ ಲೆಕ್ಕ ಇಡುವ ಮಷೀನುಗಳೂ ಉಂಟು. ಅಲ್ಲಿ ಮಾತ್ರ ಬೆಲ್ಟ್ ಸಡಿಲಾದರೆ ನೇರವಾಗಿ ಅಕ್ಷರಕ್ಕೆ ಪೆಟ್ಟು. ನಿಮ್ಮದು ಯಾವ ಜಾತಿ ಅಂತ ಮೊದಲು ಮುಚ್ಚಳ ತೆಗೆದು ನೋಡಿಕೊಳ್ಳಿ.

ಕೀ ಹಿಡಿಯುವ ಮುಂಚೆ ಸ್ಕೇಲ್ ಹಿಡಿಯಿರಿ

ಪ್ರಿಂಟಿನಲ್ಲಿ ಗೆರೆ ಬಂತು ಅಂತ ಫೋನ್ ಮಾಡುವವರಿಗೆ ನಾನು ಕೇಳುವ ಮೊದಲ ಪ್ರಶ್ನೆ: ಗೆರೆ ಅಡ್ಡವೋ, ಉದ್ದವೋ? ಕ್ಯಾರೇಜ್ ಓಡುವ ದಿಕ್ಕಿನಲ್ಲೇ ಗೆರೆ ಇದ್ದರೆ ಅದು ಮೀಡಿಯಾ (ಪ್ರಿಂಟ್ ಆಗುವ ಬಟ್ಟೆ, ವಿನೈಲ್) ಮುಂದೆ ಸರಿಯುವ ಸ್ಟೆಪ್ಪಿನದೋ ಕಟ್ಟಿದ ನಾಝಲ್‌ನದೋ (ಹೆಡ್ಡಿನ ಹನಿ ತೂತು) ತಕರಾರು. ಕ್ಯಾರೇಜಿಗೂ ಅದಕ್ಕೂ ಸಂಬಂಧವಿಲ್ಲ, ಬೆಲ್ಟ್ ಮುಟ್ಟಬೇಡಿ. ರೋಲ್ ಹೊರಬರುವ ದಿಕ್ಕಿನಲ್ಲಿ, ಅಂದರೆ ಕ್ಯಾರೇಜಿನ ಓಟಕ್ಕೆ ಅಡ್ಡಲಾಗಿ ಪಟ್ಟೆ ಬಿದ್ದರೆ ಮಾತ್ರ ಮುಂದೆ ಓದಿ.

ಒಂದೇ ಬಣ್ಣದ, ಸುಮಾರು 40 ಪರ್ಸೆಂಟ್ ಕಪ್ಪಿನ ಆಯತವೊಂದನ್ನು ಮೀಡಿಯಾದ ಪೂರ್ತಿ ಅಗಲಕ್ಕೆ, ಒಂದೇ ದಿಕ್ಕಿನ ಪ್ರಿಂಟಿಂಗ್‌ನಲ್ಲಿ ಹೊಡೆಯಿರಿ. ಒಣಗಿದ ಮೇಲೆ ಸ್ಕೇಲ್ ಇಟ್ಟು ಪಟ್ಟೆಯಿಂದ ಪಟ್ಟೆಗೆ ಎಷ್ಟು ದೂರ ಅಂತ ಅಳೆಯಿರಿ. ನನ್ನ ಬೆಲ್ಟಿನ ಹಲ್ಲಿನಿಂದ ಹಲ್ಲಿಗೆ 5 ಮಿ.ಮೀ. ಪಟ್ಟೆಗಳು 5 ಮಿ.ಮೀ.ಗೊಂದು ಬಿದ್ದರೆ ಹಲ್ಲು ಪುಲ್ಲಿಯಲ್ಲಿ ಸರಿಯಾಗಿ ಕೂರದೆ ಕ್ಯಾರೇಜ್ ನಡುಗುತ್ತಿದೆ: ಬೆಲ್ಟ್ ಅತಿಬಿಗಿಯಾಗಿರಬಹುದು, ಸವೆದಿರಬಹುದು, ಹಲ್ಲಿನ ಸಂದಿಯಲ್ಲಿ ಶಾಯಿಧೂಳು ಗಟ್ಟಿಯಾಗಿರಬಹುದು. ಪುಲ್ಲಿಗೆ 24 ಹಲ್ಲು, ಒಂದು ಸುತ್ತಿಗೆ 120 ಮಿ.ಮೀ. ಪಟ್ಟೆ 120ಕ್ಕೊಂದು ಬಂದರೆ ಪುಲ್ಲಿ ಓರೆಯಾಗಿ ತಿರುಗುತ್ತಿದೆ ಅಂತ ಲೆಕ್ಕ. ನಿಮ್ಮ ಪುಲ್ಲಿಯ ಹಲ್ಲು ನೀವೇ ಎಣಿಸಿ. ಮಾರ್ಕರ್‌ನಿಂದ ಒಂದು ಹಲ್ಲಿಗೆ ಚುಕ್ಕಿ ಇಟ್ಟು ಎಣಿಸಿದರೆ ತಪ್ಪುವುದಿಲ್ಲ.

ಪಟ್ಟೆ ಮತ್ತೆ ಮತ್ತೆ ಬರದೆ ಒಂದೇ ಕಡೆ ಇದ್ದರೆ ಇನ್ನೊಂದು ಪರೀಕ್ಷೆ. ಅದೇ ಚಿತ್ರದ ಒರಿಜಿನ್ ಅನ್ನು, ಅಂದರೆ ಪ್ರಿಂಟ್ ಶುರುವಾಗುವ ಜಾಗವನ್ನು, 200 ಮಿ.ಮೀ. ಸರಿಸಿ ಇನ್ನೊಮ್ಮೆ ಹೊಡೆಯಿರಿ. ಪಟ್ಟೆ ಚಿತ್ರದ ಜೊತೆಗೇ ಸರಿದರೆ ತಪ್ಪು ಫೈಲಿನದು ಅಥವಾ ರಿಪ್‌ನದು, ಅಂದರೆ ಫೈಲನ್ನು ಹನಿಗಳ ಲೆಕ್ಕಕ್ಕೆ ಬದಲಿಸುವ ಸಾಫ್ಟ್‌ವೇರಿನದು. ಚಿತ್ರ ಸರಿದರೂ ಪಟ್ಟೆ ಮಷೀನಿನ ಅದೇ ಜಾಗಕ್ಕೆ ಅಂಟಿಕೊಂಡಿದ್ದರೆ ಆ ಜಾಗದ ಎನ್‌ಕೋಡರ್ ಪಟ್ಟಿಯಲ್ಲೋ ರೈಲಿನಲ್ಲೋ ಏನೋ ಕೂತಿದೆ. ಒಂದು ಮೀಟರ್ ವಿನೈಲ್ ಖರ್ಚಾಗುತ್ತದೆ, ನಿಜ. ಊಹೆ ಮಾಡಿ ಬಿಚ್ಚಿ ಕೂರಿಸುವ ಒಂದು ದಿನಕ್ಕಿಂತ ಅದು ಅಗ್ಗ.

ಕೈ ಹಾಕುವ ಮುಂಚೆ

ಕಂಪ್ಯೂಟರಿನಲ್ಲಿ ಆಫ್ ಮಾಡಿದರೆ ಸಾಲದು, ಎಂಸಿಬಿ ಇಳಿಸಿ. ಮೋಟರ್ ಡ್ರೈವಿನೊಳಗಿನ ಕೆಪ್ಯಾಸಿಟರ್ ಸ್ವಲ್ಪ ಹೊತ್ತು ಕರೆಂಟ್ ಹಿಡಿದಿಟ್ಟುಕೊಳ್ಳುತ್ತದೆ, ಐದು ನಿಮಿಷ ಬಿಡಿ, ಚಹಾ ಕುಡಿಯಿರಿ. ಬಳೆ ಬಿಚ್ಚಿಡಿ, ಸೆರಗು ಸಿಕ್ಕಿಸಿ, ಜಡೆ ಕಟ್ಟಿ. ಗಂಡಸರು ಕುತ್ತಿಗೆಯ ಸರ, ಐಡಿ ಕಾರ್ಡಿನ ದಾರ ತೆಗೆಯಿರಿ. ನಾನು ಹೇಳುತ್ತಿರುವುದು ಮಷೀನ್ ಆನ್ ಇದ್ದಾಗ ಪುಲ್ಲಿಯ ಹತ್ತಿರ ಬಗ್ಗಿದ ಅಭ್ಯಾಸ ನನಗೂ ಇದ್ದದ್ದರಿಂದ. ಒಮ್ಮೆ ದುಪಟ್ಟಾದ ಅಂಚು ಹೋಯಿತು. ಅಷ್ಟರಲ್ಲೇ ಮುಗಿಯಿತು ಅನ್ನಿ.

ಹೆಡ್ಡಿನ ಯೋಚನೆಯೂ ಇರಲಿ. ಕ್ಯಾರೇಜನ್ನು ಕ್ಯಾಪಿನ (ಕೆಲಸವಿಲ್ಲದಾಗ ಹೆಡ್ ಒಣಗದಂತೆ ಮುಚ್ಚಿಡುವ ಮುಚ್ಚಳ) ಮೇಲಿಂದ ಸರಿಸಿದ ಕ್ಷಣದಿಂದ ಹೆಡ್ ಒಣಗಲು ಶುರು. ಕೆಲಸದ ನಡುವೆ ಆಗಾಗ ವಾಪಸ್ ತಂದು ಕ್ಯಾಪಿನ ಮೇಲೆ ನಿಲ್ಲಿಸಿ, ಕ್ಯಾಪಿಗೆ ನಾಲ್ಕು ಹನಿ ಕ್ಲೀನಿಂಗ್ ಸೊಲ್ಯೂಷನ್ ಬಿಡಿ. ಬೆಲ್ಟ್ ಸರಿಮಾಡಲು ಹೋಗಿ ಹೆಡ್ ಕಳೆದುಕೊಂಡರೆ ಇಲಿ ಹಿಡಿಯಲು ಮನೆ ಸುಟ್ಟ ಹಾಗೆ.

ಈಗ ಕ್ಯಾರೇಜನ್ನು ಎರಡೇ ಬೆರಳಿನಿಂದ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ತಳ್ಳಿ. ಫ್ಯಾನ್, ಎಸಿ, ರೇಡಿಯೋ ಎಲ್ಲ ಬಂದ್. ಕಣ್ಣು ಮುಚ್ಚಿದರೆ ಇನ್ನೂ ಒಳ್ಳೆಯದು. ಆರೋಗ್ಯವಾದ ಕ್ಯಾರೇಜ್ ಎಣ್ಣೆ ಹಚ್ಚಿದ ತೊಟ್ಟಿಲಿನ ಹಾಗೆ, ಎಲ್ಲ ಕಡೆಯೂ ಒಂದೇ ಭಾರ. ಮರಳಿನ ಮೇಲೆ ಚಪ್ಪಲಿ ಎಳೆದಂತೆ ಕರಕರ ಅಂದರೆ ಬ್ಲಾಕಿನೊಳಗೆ ಧೂಳು. ಒಂದೇ ಜಾಗದಲ್ಲಿ ತಡೆದು ಬಿಟ್ಟಂತಾದರೆ ರೈಲಿನ ಮೇಲೆ ಶಾಯಿ ಗಟ್ಟಿಯಾಗಿದೆ. ಒಂದೇ ಸಮನೆ ಟಕ್, ಟಕ್ ಅಂತ ಬೆರಳಿಗೆ ಬಡಿದರೆ ಪುಲ್ಲಿಯ ಬೇರಿಂಗ್. ಎಡಕ್ಕೆ ಹೋದಾಗ ಮಾತ್ರ ಭಾರ ಅನ್ನಿಸಿದರೆ ಕೇಬಲ್, ಶಾಯಿ ನಳಿಗೆ ಹೊತ್ತ ಡ್ರ್ಯಾಗ್ ಚೈನ್ ಎಲ್ಲೋ ತಿಕ್ಕುತ್ತಿದೆ. ಈ ಚೈನನ್ನು ಯಾರೂ ನೋಡುವುದೇ ಇಲ್ಲ. ಒಂದು ಕೊಂಡಿ ಮುರಿದು ತಟ್ಟೆಗೆ ಕೆರೆದರೂ ಕ್ಯಾರೇಜ್ ನಡುಗುತ್ತದೆ, ಒಳಗಿನ ಡೇಟಾ ಕೇಬಲ್ ಸವೆದರೆ ಖರ್ಚು ದೊಡ್ಡದು. ಮುರಿದ ಕೊಂಡಿಯನ್ನು ಟೇಪ್ ಸುತ್ತಿ ಓಡಿಸಬೇಡಿ, ಕೊಂಡಿ ಬದಲಿಸಿ.

ರೈಲ್

ತಿಂಗಳ ಮಾಮೂಲಿ ಕೆಲಸವಾದರೆ ರೈಲ್ ಮೊದಲು, ಪಟ್ಟಿ ಕೊನೆಗೆ. ಗ್ರೀಸಿನ ಕೈ ಪಟ್ಟಿಗೆ ತಾಗಬಾರದು, ಅದಕ್ಕೇ ಈ ಸರದಿ. ಅಕ್ಷರ ಜೋಡಿಯಾದ ತುರ್ತಾದರೆ ಮಾತ್ರ ನೇರ ಪಟ್ಟಿಗೆ ಹೋಗಿ.

ನೂಲು ಬಿಡದ ಬಟ್ಟೆಯಿಂದ ರೈಲಿನ ಮೇಲ್ಮೈ, ಎರಡೂ ಪಕ್ಕದ ಉದ್ದನೆಯ ತೋಡು ಒರೆಸಿ. ಗುಂಡುಗಳು ಓಡುವುದು ಆ ತೋಡಿನಲ್ಲೇ. ಹಳೆ ಗ್ರೀಸ್ ಕಪ್ಪಗೆ ಬರುತ್ತದೆ. ಬಟ್ಟೆ ಬೆಳ್ಳಗೆ ಉಳಿಯುವವರೆಗೆ ಒರೆಸಿ. ಆಮೇಲೆ ಲಿಥಿಯಂ ಗ್ರೀಸ್, ಬ್ಲಾಕಿನ ಗ್ರೀಸ್ ತೂತಿನ (ನಿಪ್ಪಲ್) ಮೂಲಕ, ಇಲ್ಲದಿದ್ದರೆ ಸೂಜಿಯಿಲ್ಲದ ಸಿರಿಂಜಿನಿಂದ ತೋಡಿಗೆ ಸಾಸಿವೆ ಕಾಳಿನಷ್ಟು ಅಲ್ಲಲ್ಲಿ. ಕ್ಯಾರೇಜನ್ನು ಏಳೆಂಟು ಸಲ ತುದಿಯಿಂದ ತುದಿಗೆ ಓಡಾಡಿಸಿ, ತುದಿಯಲ್ಲಿ ಗುಡ್ಡೆಯಾದ ಹೆಚ್ಚುವರಿ ಗ್ರೀಸ್ ಒರೆಸಿಬಿಡಿ. ಗ್ರೀಸ್ ಧಾರಾಳವಾದಷ್ಟೂ ಧೂಳಿಗೆ ಹಾಸಿಗೆ ಹಾಸಿದ ಹಾಗೆ, ಅದರಲ್ಲೂ ನಮ್ಮೂರಲ್ಲಿ.

ಡಬ್ಲ್ಯೂಡಿ-40 ಸ್ಪ್ರೇ ಹೊಡೆಯಬೇಡಿ. ಅದು ಇದ್ದ ಗ್ರೀಸನ್ನೂ ತೊಳೆದು ಹಾಕುತ್ತದೆ, ತುಂತುರು ಪಟ್ಟಿಗೂ ಸಿಡಿಯುತ್ತದೆ. ಇನ್ನು ಕೊಬ್ಬರಿ ಎಣ್ಣೆ. ನಗಬೇಡಿ, ನಮ್ಮ ಜಿಲ್ಲೆಯ ಒಂದು ಅಂಗಡಿಯಲ್ಲಿ ನಾನೇ ಕಣ್ಣಾರೆ ನೋಡಿದ್ದೇನೆ. ಜನವರಿಯ ಬೆಳಗ್ಗೆ ಮಷೀನ್ ಆನ್ ಮಾಡಿದರೆ ಕ್ಯಾರೇಜ್ ಗೋಳಾಡುತ್ತ ಅಲಾರಂ ಕೊಡುತ್ತದೆ, ಹನ್ನೊಂದು ಗಂಟೆಯ ಮೇಲೆ ಸರಿಹೋಗುತ್ತದೆ, ಏನೋ ಕಣ್ಣು ಬಿದ್ದಿದೆ ಅಂತ ನಿಂಬೆಹಣ್ಣು ಕಟ್ಟಿದ್ದರು. ಮುಚ್ಚಳ ತೆಗೆದರೆ ರೈಲಿನ ಮೇಲೆ ಬೆಳ್ಳಗೆ ಹೆಪ್ಪುಗಟ್ಟಿದ ಎಣ್ಣೆ. ಕೊಬ್ಬರಿ ಎಣ್ಣೆ 24 ಡಿಗ್ರಿಯ ಆಸುಪಾಸಿನಲ್ಲೇ ಹೆಪ್ಪಾಗುತ್ತದಲ್ಲ, ಬಿಸಿಲೇರಿದ ಮೇಲೆ ಕರಗಿ ಕ್ಯಾರೇಜ್ ಓಡುತ್ತಿತ್ತು. ನಿಂಬೆಹಣ್ಣು ಹಾಗೇ ಇರಲಿ ಅಂದೆ, ಎಣ್ಣೆ ಮಾತ್ರ ಒರೆಸಿ ಬಂದೆ.

ಪಟ್ಟಿ

ಇದಕ್ಕೆ ಹೊಸ ಕೈಗವಸು, ಹೊಸ ಬಟ್ಟೆ. ನೂಲು ಬಿಡದ ಬಟ್ಟೆಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೇವ ಮಾಡಿ, ಹಿಂಡಿ. ತೊಟ್ಟಿಕ್ಕಬಾರದು. ಪಟ್ಟಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಬಟ್ಟೆಯ ಸಮೇತ ಹಿಡಿದು, ಹಸುವಿನ ಕೆಚ್ಚಲು ಹಿಡಿದಷ್ಟು ಮೆತ್ತಗೆ, ಒಂದೇ ದಿಕ್ಕಿಗೆ ಎಳೆಯುತ್ತ ಹೋಗಿ. ಹಿಂದೆ ಮುಂದೆ ಉಜ್ಜಿದರೆ ಕೊಳೆ ಅಲ್ಲೇ ಹರಡುತ್ತದೆ. ಒಂದೊಂದು ಅಡಿಗೆ ಬಟ್ಟೆಯ ಹೊಸ ಮಡಿಕೆ. ಥಿನ್ನರ್, ಅಸಿಟೋನ್, ಶಾಯಿ ತೊಳೆಯುವ ಸಾಲ್ವೆಂಟ್ ಯಾವುದೂ ಬೇಡ, ಅವು ಕೊಳೆಯ ಜೊತೆ ಗೆರೆಗಳನ್ನೂ ಅಳಿಸಬಲ್ಲವು. ಗೆರೆ ಅಳಿಸಿದ ಪಟ್ಟಿಗೆ ಔಷಧಿ ಇಲ್ಲ.

ಬ್ಯಾಡಗಿಯಲ್ಲಿ ನಮಗೊಂದು ವಿಶೇಷ ಸಂಕಟ. ಬಟ್ಟೆ ಕೆಂಪಾಗಿ ಬಂದರೆ ಅದು ಮೆಣಸಿನ ಧೂಳೋ, ಹೆಡ್ಡಿನಿಂದ ಹಾರಿದ ಮಜೆಂಟಾ ಮಂಜೋ? ಸಾಹೇಬರ ಮೀಸೆಯ ದಿನ ನಾನು ಬಟ್ಟೆಯನ್ನು ಮೂಗಿನ ಹತ್ತಿರ ಒಯ್ದು ಆರು ಸಲ ಸೀನಿದೆ, ಉತ್ತರ ಸಿಕ್ಕಿತು. ನಗೆಮಾತಲ್ಲ, ಎರಡಕ್ಕೂ ಪರಿಹಾರ ಬೇರೆ. ಮೆಣಸಿನ ಧೂಳಾದರೆ ಪರದೆ, ಬಾಗಿಲು ನೋಡಬೇಕು. ಮಜೆಂಟಾ ಮಂಜಾದರೆ ಹೆಡ್ ಬಹಳ ಎತ್ತರದಲ್ಲಿದೆ, ಹನಿ ಮೀಡಿಯಾ ಮುಟ್ಟುವ ಮುಂಚೆಯೇ ಗಾಳಿಗೆ ಚದುರುತ್ತಿದೆ ಅಂತ.

ಒರೆಸಿ ಮುಗಿದ ಮೇಲೆ ಬ್ಯಾಟರಿ ಹಿಡಿದು ಸೆನ್ಸರಿನ ಸೀಳನ್ನು ಪಕ್ಕದಿಂದ ನೋಡಿ. ಪಟ್ಟಿ ಸೀಳಿನ ನಡುವೆ ಹಾಯಬೇಕು, ಎರಡೂ ಗೋಡೆಗೆ ತಾಗಬಾರದು. ಕ್ಯಾರೇಜನ್ನು ಎಡ, ನಡು, ಬಲ ಮೂರೂ ಕಡೆ ನಿಲ್ಲಿಸಿ ನೋಡಿ. ನಡುವೆ ಜೋತು ಬಿದ್ದಿದ್ದರೆ ಒಂದು ತುದಿಯ ಸ್ಪ್ರಿಂಗ್ ಸಡಿಲಾಗಿದೆ ಅಥವಾ ಕೊಕ್ಕೆ ಕಳಚಿದೆ. ಪಟ್ಟಿಯ ಮೇಲೆ ಸೆನ್ಸರ್ ಕೆರೆದ ಬಿಳಿ ಗೀರು ಕಂಡರೆ ಹೊಸ ಪಟ್ಟಿಗೆ ಹೇಳಿಬಿಡಿ. ಸೆನ್ಸರಿನ ಸೀಳಿಗೆ ಬಡ್ಸ್ ತುರುಕಬೇಡಿ, ಹತ್ತಿಯ ಎಳೆ ಒಳಗೇ ಉಳಿಯುತ್ತದೆ. ಗಾಳಿ ಊದುವ ರಬ್ಬರ್ ಬಲ್ಬ್ ಸಾಕು, ಕ್ಯಾಮೆರಾದವರ ಹತ್ತಿರ ಸಿಗುತ್ತದೆ. ಬಾಯಿಂದ ಊದಿದರೆ ಉಗುಳು ಸಿಡಿಯುತ್ತದೆ.

ಬೆಲ್ಟ್, ಕಡೆಗೂ

ಮೊದಲು ನೋಟ. ಮೋಟರ್ ಪುಲ್ಲಿಯ ಕೆಳಗೆ ಬಿಳಿ ಕಾಗದ ಹಾಸಿ ಒಂದು ದಿನ ಮಷೀನ್ ಓಡಿಸಿ. ಕಾಗದದ ಮೇಲೆ ಕಪ್ಪು ಹುಡಿ ಬಿದ್ದರೆ ಬೆಲ್ಟ್ ಎಲ್ಲೋ ತಿನ್ನಿಸಿಕೊಳ್ಳುತ್ತಿದೆ, ಹೆಚ್ಚಾಗಿ ಪುಲ್ಲಿಯ ಅಂಚಿನ ತಟ್ಟೆಗೆ. ಹಲ್ಲಿನ ಬುಡದಲ್ಲಿ ಬಿರುಕು, ಅಂಚಿನಲ್ಲಿ ಎದ್ದ ನೂಲು ಅಥವಾ ಉಕ್ಕಿನ ಎಳೆ ಕಂಡರೆ ಬಿಗಿ ಮಾಡುವ ಮಾತೇ ಇಲ್ಲ, ಬದಲಿಸಿ.

ಬಿಗಿ ಸರಿಯಿದೆಯೇ ಅಂತ ಬೆರಳಿನಿಂದ ಮಿಡಿದು ಹೇಳುವವರಿದ್ದಾರೆ. ಕಾಕಾಗೆ ಅದು ಬರುತ್ತಿತ್ತು, ನನಗೆ ಬರುವುದಿಲ್ಲ. ನಾನು ಗ್ಯಾಸ್ ಸಿಲಿಂಡರ್ ತೂಗುವ ಕೊಕ್ಕೆ ತಕ್ಕಡಿಯ ತಮ್ಮನಂತಹ ಒಂದು ಸಣ್ಣ ಸ್ಪ್ರಿಂಗ್ ತಕ್ಕಡಿ ಇಟ್ಟುಕೊಂಡಿದ್ದೇನೆ. ಕ್ಯಾರೇಜನ್ನು ಕ್ಯಾಪಿನ ಮೇಲೆ ನಿಲ್ಲಿಸುವುದು. ಕ್ಯಾರೇಜಿಗೆ ಕಟ್ಟದ, ಸುಮ್ಮನೆ ಹಾಯುವ ಹಿಂದಿನ ಎಳೆಯ ನಟ್ಟನಡುವೆ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಅರ್ಧ ಕಿಲೋ ತೋರಿಸುವವರೆಗೆ ಎಳೆಯುವುದು. ಬೆಲ್ಟ್ ಎಷ್ಟು ಬಾಗಿತು ಅಂತ ಸ್ಕೇಲಿನಲ್ಲಿ ನೋಡುವುದು. ನನ್ನ ಮಷೀನ್ ಚೆನ್ನಾಗಿ ಓಡುತ್ತಿರುವಾಗ ಅದು 20 ಮಿ.ಮೀ. ಮಷೀನಿನ ಪಕ್ಕಕ್ಕೆ ಅಂಟಿಸಿದ ಕಾಗದದಲ್ಲಿ ತಾರೀಖು ಸಮೇತ ಬರೆದಿಡುತ್ತೇನೆ. 27 ದಾಟಿದರೆ ಕೀ ಹಿಡಿಯುತ್ತೇನೆ, ಅದಕ್ಕೆ ಮುಂಚೆ ಇಲ್ಲ. ಈ 20 ನನ್ನ ಮಷೀನಿನದು. ನಿಮ್ಮ ಬೆಲ್ಟಿನ ಉದ್ದ ಬೇರೆ, ಅಗಲ ಬೇರೆ, ನಿಮ್ಮ ಅಂಕಿ ಬೇರೆಯೇ ಇರುತ್ತದೆ. ಮಷೀನ್ ಸರಿಯಿರುವಾಗಲೇ ಅಳೆದು ಬರೆದಿಡಿ. ಕೆಟ್ಟ ಮೇಲೆ ಅಳೆದರೆ ಹೋಲಿಸಲು ಏನೂ ಇರುವುದಿಲ್ಲ.

ಬಿಗಿ ಮಾಡುವುದು ಎಡತುದಿಯ ಐಡ್ಲರಿನಲ್ಲಿ. ಐಡ್ಲರನ್ನು ಹಿಡಿದ ಬ್ರಾಕೆಟ್ಟಿಗೆ ನಾಲ್ಕು ಬೋಲ್ಟ್, ಅದನ್ನು ಹಿಂದಕ್ಕೆ ಎಳೆಯಲು ಉದ್ದನೆಯ ಒಂದು ಬೋಲ್ಟ್. ನಾಲ್ಕನ್ನೂ ಅರ್ಧ ಸುತ್ತು ಮಾತ್ರ ಸಡಿಲಿಸಿ, ಪೂರ್ತಿ ಬಿಚ್ಚಬೇಡಿ. ಉದ್ದನೆಯದನ್ನು ಕಾಲು ಸುತ್ತು. ಅಷ್ಟೇ. ನಾಲ್ಕನ್ನು ಮೂಲೆಯಿಂದ ಮೂಲೆಗೆ ಕತ್ತರಿಯಾಗಿ ಬಿಗಿದು, ಕ್ಯಾರೇಜನ್ನು ಮೂರು ಸಲ ಓಡಾಡಿಸಿ, ಮತ್ತೆ ತಕ್ಕಡಿ. ಸಾಲದಿದ್ದರೆ ಇನ್ನೊಂದು ಕಾಲು ಸುತ್ತು. ಆಮೇಲೆ ಬೆಲ್ಟ್ ಪುಲ್ಲಿಯ ನಡುವೆಯೇ ಓಡುತ್ತಿದೆಯೇ ನೋಡಿ. ಒಂದು ಅಂಚಿಗೆ ಏರುತ್ತಿದ್ದರೆ ಬ್ರಾಕೆಟ್ ಸೊಟ್ಟ ಕೂತಿದೆ, ನಾಲ್ಕು ಬೋಲ್ಟ್ ಮತ್ತೆ ಸಡಿಲಿಸಿ ನೇರ ಮಾಡಿ.

ಕಾಲು ಸುತ್ತು ಅಂತ ಇಷ್ಟು ಒತ್ತಿ ಹೇಳಲು ಕಾರಣ ನಾನೇ. ಅಂಗಡಿ ಶುರು ಮಾಡಿದ ಹೊಸತು, ಎಲೆಕ್ಷನ್ ಕಾಲ. ನಾಳೆ ಬೆಳಗ್ಗೆಗೆ ಮಾಲು ಬೇಕು ಅಂತ ಮೂರು ಪಕ್ಷದವರೂ ಬಾಗಿಲಲ್ಲಿ. ಅಕ್ಷರಕ್ಕೆ ನೆರಳು ಬಂತು ಅಂತ ರಾತ್ರಿ ಒಂದು ಗಂಟೆಗೆ ಬೆಲ್ಟ್ ಬಿಗಿದೆ. ನೆರಳು ಹೋಗಲಿಲ್ಲ, ಇನ್ನೆರಡು ಸುತ್ತು. ಹೋಗಲಿಲ್ಲ, ಇನ್ನೊಂದು. ಬೆಲ್ಟ್ ಮಿಡಿದರೆ ಟಣ್ ಅನ್ನುತ್ತಿತ್ತು, ನನಗೋ ಹೆಮ್ಮೆ. ಮೂರೂವರೆಗೆ ಮೋಟರಿನಿಂದ ಗುಂಯ್ ಅನ್ನುವ ಸದ್ದು, ನಾಲ್ಕಕ್ಕೆ ಓವರ್‌ಲೋಡ್ ಅಲಾರಂ, ಕ್ಯಾರೇಜ್ ನಡುಬೆಡ್ಡಿನಲ್ಲಿ ನಿಂತಿತು. ಅತಿಬಿಗಿಯಾದ ಬೆಲ್ಟ್ ಮೋಟರಿನ ಶಾಫ್ಟನ್ನು ಹಗಲೂ ರಾತ್ರಿ ಪಕ್ಕಕ್ಕೆ ಜಗ್ಗುತ್ತದೆ, ಮುಂದಿನ ಬೇರಿಂಗ್ ತಿಂದು ಹೋಗಿತ್ತು. ಬೆಳಗ್ಗೆ ಮೂರು ಪಕ್ಷದವರೂ ಒಂದೇ ದನಿಯಲ್ಲಿ ಮಾತಾಡಿದ್ದನ್ನು ನಾನು ನೋಡಿದ್ದು ಆವತ್ತೊಂದೇ ದಿನ. ನೆರಳಿಗೆ ಕಾರಣ? ಪಟ್ಟಿಯ ಮೇಲೆ ಅಂಗೈಯಗಲ ಗ್ರೀಸಿನ ಕಲೆ. ನಾನೇ ಹಚ್ಚಿದ್ದು.

ಬದಲಿಸಬೇಕಾಗಿ ಬಂದರೆ ಹಳೆ ಬೆಲ್ಟಿನ ಬೆನ್ನಿನ ಮೇಲಿನ ಬರಹ ಫೋಟೊ ತೆಗೆಯಿರಿ. ಹಲ್ಲಿನ ಅಂತರ, ಅಗಲ ಅದರಲ್ಲೇ ಇರುತ್ತದೆ. ಬೆಂಗಳೂರಿನ ಎಸ್‌ಜೆಪಿ ರಸ್ತೆಯಂಥ ಕಡೆ ಬೆಲ್ಟ್ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. 5 ಮಿ.ಮೀ. ಹಲ್ಲು ಅಂದರೆ ಸಾಲದು, ಹಲ್ಲಿನ ಆಕಾರವೂ ಹೊಂದಬೇಕು: ದುಂಡು ಹಲ್ಲಿನ ಪುಲ್ಲಿಗೆ ಚೌಕ ಹಲ್ಲಿನ ಬೆಲ್ಟ್ ಕೂತಂತೆ ಕಂಡರೂ ಕೂರುವುದಿಲ್ಲ. ಹಳೆಯದರ ಒಂದು ತುಂಡು ಜೊತೆಗೆ ಒಯ್ಯಿರಿ.

ಹಾಕುವ ಉಪಾಯ ಲಂಗಕ್ಕೆ ಲಾಡಿ ಏರಿಸಿದ ಹಾಗೆ. ಐಡ್ಲರ್ ಪೂರ್ತಿ ಸಡಿಲಿಸಿ, ಹಳೆ ಬೆಲ್ಟಿನ ಒಂದು ತುದಿಯನ್ನು ಕ್ಯಾರೇಜಿನ ಪ್ಲೇಟಿನಿಂದ ಬಿಡಿಸಿ ಅದಕ್ಕೆ ಹೊಸತರ ತುದಿಯನ್ನು ಟೇಪಿನಿಂದ ಅಂಟಿಸಿ, ಹಲ್ಲು ಒಳಮುಖವಾಗಿರಲಿ. ಇನ್ನೊಂದು ತುದಿಯಿಂದ ಹಳೆಯದನ್ನು ಎಳೆಯುತ್ತ ಬಂದರೆ ಹೊಸತು ತಾನೇ ಎರಡು ಪುಲ್ಲಿ ಸುತ್ತಿ ಬರುತ್ತದೆ. ನಡುವೆ ತಿರುಚಿಕೊಂಡಿಲ್ಲ ಅಂತ ಬೆರಳಾಡಿಸಿ ನೋಡಿ. ಹಳೆಯದರಷ್ಟೇ ಹಲ್ಲು ಎಣಿಸಿ ಕತ್ತರಿಸಿ, ಎರಡೂ ತುದಿಯ ಆರಾರು ಹಲ್ಲಾದರೂ ಪ್ಲೇಟಿನೊಳಗೆ ಕಚ್ಚಿರಲಿ. ಹೊಸ ಬೆಲ್ಟ್ ಮೊದಲ ವಾರ ಸ್ವಲ್ಪ ಕೂತುಕೊಳ್ಳುತ್ತದೆ, ಎಂಟು ದಿನದ ಮೇಲೆ ಮತ್ತೆ ತಕ್ಕಡಿ ಹಿಡಿಯಿರಿ. ಪ್ರಿಂಟ್ ಓಡುವಾಗ ಕರೆಂಟ್ ಹೋಗಿ ಕ್ಯಾರೇಜ್ ತುದಿಗೆ ಗುದ್ದಿದ್ದರೂ ಹೀಗೇ ಒಮ್ಮೆ ಅಳೆಯುವುದು ಲೇಸು.

ಎರಡು ಸಣ್ಣ ಸ್ಕ್ರೂ

ಮೋಟರ್ ಪುಲ್ಲಿಯನ್ನು ಶಾಫ್ಟಿಗೆ ಹಿಡಿದಿರುವುದು ಜೋಳದ ಕಾಳಿಗಿಂತ ಸ್ವಲ್ಪ ದೊಡ್ಡ, ತಲೆಯಿಲ್ಲದ ಎರಡು ಗ್ರಬ್ ಸ್ಕ್ರೂ. ಇವು ಸಡಿಲಾದರೆ ಕ್ಯಾರೇಜ್ ದಿಕ್ಕು ಬದಲಿಸುವಾಗೆಲ್ಲ ಶಾಫ್ಟ್ ಒಂಚೂರು ತಿರುಗಿದ ಮೇಲೆ ಪುಲ್ಲಿ ಎಚ್ಚರಾಗುತ್ತದೆ. ತುದಿಯಲ್ಲಿ ಟಕ್ ಅನ್ನುವ ಸದ್ದು, ಪ್ರಿಂಟಿನ ಎರಡೂ ಅಂಚಿನಲ್ಲಿ ನಡುಕ, ನಡುವೆ ಚೆನ್ನಾಗಿಯೇ ಇರುತ್ತದೆ. ಬಿಳಿ ಪೇಂಟ್ ಮಾರ್ಕರ್‌ನಿಂದ ಶಾಫ್ಟಿನ ಮೇಲಿಂದ ಪುಲ್ಲಿಯವರೆಗೆ ಒಂದು ಗೆರೆ ಎಳೆದಿಡಿ. ಗೆರೆ ಎರಡು ತುಂಡಾಗಿ ಸರಿದ ದಿನ ಉತ್ತರ ಎದುರಿಗೇ ಇರುತ್ತದೆ. ಸ್ಕ್ರೂ ಬಿಚ್ಚಿ, ಎಣ್ಣೆ ಒರೆಸಿ, ನೀಲಿ ಬಣ್ಣದ ಥ್ರೆಡ್ ಲಾಕ್ (ಸ್ಕ್ರೂ ಸಡಿಲಾಗದಂತೆ ಹಿಡಿಯುವ ಅಂಟು) ಒಂದು ಹನಿ ಹಾಕಿ ಬಿಗಿಯಿರಿ. ಶಾಫ್ಟಿಗೆ ಚಪ್ಪಟೆ ಮುಖ ಇದ್ದರೆ ಒಂದು ಸ್ಕ್ರೂ ಅದರ ಮೇಲೇ ಕೂರಲಿ. ಕೆಂಪು ಲಾಕ್ ಹಾಕಿದರೆ ಮುಂದೆ ಬಿಚ್ಚುವಾಗ ಅಳಬೇಕಾಗುತ್ತದೆ.

ಹೋಗಿ ಬರುವ ಹನಿ

ಇಷ್ಟಾದ ಮೇಲೆ ಎಂಸಿಬಿ ಏರಿಸಿ. ಕೈ ಹೊರಗಿಡಿ, ಕ್ಯಾರೇಜ್ ತಾನೇ ಹೋಮ್, ಅಂದರೆ ಓಟ ಶುರುವಾಗುವ ಜಾಗ, ಹುಡುಕಲಿ. ಒರಿಜಿನ್ ಸೆನ್ಸರಿನ ಹತ್ತಿರ ಒರೆಸುವ ಬಟ್ಟೆ ಮರೆತಿದ್ದರೆ ಈಗ ಗೊತ್ತಾಗುತ್ತದೆ, ಗುದ್ದುವ ಸದ್ದಿನಿಂದ.

ಬೈ-ಡೈರೆಕ್ಷನ್ ಹೊಂದಿಸದೆ, ಅಂದರೆ ಹೋಗುವಾಗಿನ ಹನಿಯೂ ಬರುವಾಗಿನ ಹನಿಯೂ ಒಂದೇ ಜಾಗಕ್ಕೆ ಬೀಳುವಂತೆ ಮಾಡದೆ, ಕೆಲಸ ಮುಗಿಯುವುದಿಲ್ಲ. ಕ್ಯಾರೇಜ್ ಸೆಕೆಂಡಿಗೆ ಒಂದು ಮೀಟರ್ ಓಡುತ್ತಿದೆ, ಹನಿ ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಕೆಳಗೆ ಬರುತ್ತಿದೆ, ಹೆಡ್ಡಿಗೂ ಮೀಡಿಯಾಕ್ಕೂ 2 ಮಿ.ಮೀ. ಅಂತರ ಅಂದುಕೊಳ್ಳಿ. ಹನಿ ನೆಲ ಮುಟ್ಟುವಷ್ಟರಲ್ಲಿ ಕ್ಯಾರೇಜಿನ ಓಟ ಅದನ್ನು 0.33 ಮಿ.ಮೀ. ಮುಂದಕ್ಕೆ ಒಯ್ದಿರುತ್ತದೆ. ಹೋಗುವಾಗ ಆ ಕಡೆ, ಬರುವಾಗ ಈ ಕಡೆ. ಎರಡೂ ಸೇರಿ 0.66. ಸಾಫ್ಟ್‌ವೇರಿನ ಬೈ-ಡೈರೆಕ್ಷನ್ ಅಂಕಿ ತುಂಬಿಕೊಡುವುದು ಇಷ್ಟನ್ನೇ. ವೇಗ ಬದಲಾದರೆ ಈ ಅಂಕಿಯೂ ಬದಲು, ಅದಕ್ಕೇ ಪ್ರತಿ ಸ್ಪೀಡಿಗೂ ಬೇರೆ ಬೇರೆ ಹೊಂದಿಸಬೇಕು.

ಇದೇ ಲೆಕ್ಕದಲ್ಲಿ ಇನ್ನೊಂದು ಮಾತಿದೆ. ಹೀಟರಿನ ಕಾವಿಗೆ ಬಟ್ಟೆಯೋ ವಿನೈಲೋ ಒಂದೇ ಒಂದು ಮಿಲಿಮೀಟರ್ ಉಬ್ಬಿದರೆ ಅಂತರ ಅರ್ಧವಾಯಿತು, 0.66 ಇರಬೇಕಾದದ್ದು 0.33 ಆಯಿತು. ಉಬ್ಬಿದ ಜಾಗದಲ್ಲಿ ಮಾತ್ರ ಅಕ್ಷರ ಜೋಡಿ! ಪಕ್ಕದಲ್ಲಿ ಸರಿ. ಆಗಲೂ ಹುಡುಗರು ಓಡುವುದು ಎಲನ್ ಕೀ ಕಡೆಗೇ. ವ್ಯಾಕ್ಯೂಮ್ ಫ್ಯಾನಿನ ತೂತು ಕಟ್ಟಿದೆಯೇ, ಹೀಟರ್ ಹೆಚ್ಚಾಗಿದೆಯೇ ನೋಡಿ. ಹೆಡ್ಡಿನ ಎತ್ತರ ಅಳೆಯಲು ನಾನು ಗೇಜ್ ಕೊಂಡಿಲ್ಲ. ಅವಧಿ ಮುಗಿದ ಎಟಿಎಂ ಕಾರ್ಡ್ ಒಂದೊಂದೂ 0.76 ಮಿ.ಮೀ., ಎಲ್ಲ ಬ್ಯಾಂಕಿನದೂ ಒಂದೇ ದಪ್ಪ. ಉಬ್ಬಕ್ಷರ ಇಲ್ಲದ ಎರಡು ಕಾರ್ಡ್ ಒಂದರ ಮೇಲೊಂದು ಇಟ್ಟು, ಹೆಡ್ಡಿನ ನಾಝಲ್ ಮುಖಕ್ಕೆ ತಾಗಿಸದೆ ಕ್ಯಾರೇಜಿನ ತಳದ ತಗಡಿನ ಅಂಚಿನಲ್ಲಿ ಜಾರಿಸಿ ನೋಡುತ್ತೇನೆ. ಎರಡು ಸಲೀಸಾಗಿ ಹೋಗಬೇಕು, ಮೂರನೆಯದು ತಡೆಯಬೇಕು.

ಟೆಸ್ಟ್ ಪ್ರಿಂಟಿಗೆ ನಾನು ಸಾಫ್ಟ್‌ವೇರಿನ ಗೆರೆಗಳ ಜೊತೆ ಒಂದು ಮೀಸೆಯ ಚಿತ್ರವನ್ನೂ ಇಟ್ಟುಕೊಂಡಿದ್ದೇನೆ, ಎಡ, ನಡು, ಬಲ ಮೂರು ಕಡೆ. ಮೂರರಲ್ಲೂ ಕೂದಲು ಕೂದಲಾಗಿ ಒಂದೇ ಕಂಡರೆ ಅದನ್ನು ಕತ್ತರಿಸಿ, ಹಿಂದೆ ತಾರೀಖು ಮತ್ತು ಬೆಲ್ಟಿನ ಅಂಕಿ ಬರೆದು ಗೋಡೆಗೆ ಮೊಳೆ ಹೊಡೆಯುತ್ತೇನೆ. ಸದ್ಯ ಹನ್ನೊಂದು ಮೀಸೆ ನೇತಾಡುತ್ತಿವೆ. ಹೊಸ ಗಿರಾಕಿಗಳು ಇದೇನ್ರಿ ಅಕ್ಕಾರ ಅಂತ ಕೇಳುತ್ತಾರೆ, ಹುಡುಗ ಹೇಳುತ್ತಾನೆ.